ಭಾರತ ಒಂದೇ ಅಲ್ಲ

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಪಾಠ ಹೇಳುತ್ತಿದ್ದೆ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದನೆಂದೊಡನೆ ಜಾಣ ಹುಡುಗನೊಬ್ಬ ಎದ್ದು ನಿಂತ. “ಪಂಪ ತಪ್ಪು ಬರೆದಿದ್ದಾನೆ, ಸಾರ್. ಮಹಾಭಾರತದಲ್ಲಿ ಹಾಗಿಲ್ಲ.” ಯಾವ ಮಹಾಭಾರತದಲ್ಲಪ್ಪ ಎಂದೆ. “ಟಿ.ವಿ.ಯಲ್ಲಿ ಬಂತಲ್ಲ, ಸಾರ್!” ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ನನ್ನನ್ನು ಚುಚ್ಚಿದ್ದು ಅದೇ.

ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ನಮ್ಮ ಭಾನುವಾರದ ಬೆಳಗುಗಳನ್ನು ಆಳಿತು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ಅದನ್ನು ಮತ್ತೆ ತೋರಿಸಿದಾಗ ಈಗಿನ ಹುಡುಗರೂ ನೋಡಿದರು. ಕಾಲವನ್ನೇ ಸೂತ್ರಧಾರನನ್ನಾಗಿಸಿದ ಆ ಕೃತಿಯ ಜಾಣ್ಮೆಯನ್ನಾಗಲಿ, ರಾಹಿ ಮಾಸೂಮ್ ರಜಾ ಅವರ ಸಂಭಾಷಣೆಯ ಬಿಗಿಯನ್ನಾಗಲಿ ನಾನು ಅಲ್ಲಗಳೆಯುವುದಿಲ್ಲ. ಅದಿಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಭೀಷ್ಮನ ಪರಿಚಯವೇ ಆಗುತ್ತಿರಲಿಲ್ಲವೆಂಬ ಮಾತೂ ಒಪ್ಪತಕ್ಕದ್ದೇ. ನನ್ನ ತಕರಾರು ಬೇರೆ. ಹಲವು ಭಾರತಗಳಲ್ಲಿ ಒಂದಾಗಿ ಬಂದದ್ದು ಉಳಿದೆಲ್ಲಕ್ಕೂ ನ್ಯಾಯಾಧೀಶನಾಗಿ ಕುಳಿತುಬಿಟ್ಟಿದೆ.

ಒಂದು ನಿದರ್ಶನ ಸಾಕು. ಮಯಸಭೆಯಲ್ಲಿ ಎಡವಿಬಿದ್ದ ದುರ್ಯೋಧನನನ್ನು ದ್ರೌಪದಿ “ಕುರುಡನ ಮಗ ಕುರುಡ” ಎಂದು ಹಂಗಿಸುವ ದೃಶ್ಯ ಧಾರಾವಾಹಿಯಲ್ಲಿದೆ. ಯುದ್ಧಕ್ಕೆ ಅವಳ ನಾಲಗೆಯೇ ಕಾರಣವೆಂದು ವಿದ್ಯಾವಂತರೂ ಹೇಳುತ್ತಾರೆ. ವ್ಯಾಸರ ಸಭಾಪರ್ವದಲ್ಲಿ ಆ ಮಾತೇ ಇಲ್ಲ. ಅಲ್ಲಿ ನಕ್ಕವರು ಭೀಮಾದಿಗಳು. ದ್ರೌಪದಿಯೂ ನಕ್ಕಳೆಂಬುದು ದುರ್ಯೋಧನ ತಂದೆಯ ಬಳಿ ಒಯ್ದ ದೂರು. ಆ ದೂರಿಗೆ ಇಲ್ಲದ ಮಾತನ್ನೂ ಸೇರಿಸಿ ನಾವು ಹೆಣ್ಣೊಬ್ಬಳಿಗೆ ಶಿಕ್ಷೆ ವಿಧಿಸುತ್ತಿದ್ದೇವೆ!

ನಮ್ಮ ಅಜ್ಜಿಗೆ ಹಿಂದಿ ಬಾರದು, ಓದೂ ಬಾರದು. ಆದರೂ ನೆರೆಮನೆಯ ಟಿ.ವಿ.ಯ ಮುಂದೆ ಕುಳಿತು “ಇದು ಹೀಗಲ್ಲ ಕಣೋ” ಎಂದು ಜಗಳ ತೆಗೆಯುತ್ತಿದ್ದರು. ಗಮಕಿಗಳ ಬಾಯಿಂದ ಕೇಳಿದ ಕುಮಾರವ್ಯಾಸ, ರಾತ್ರಿಯೆಲ್ಲ ಎದ್ದು ನೋಡಿದ ಬಯಲಾಟದ ಕೌರವ ಅವರೊಳಗಿದ್ದರು. ಪರದೆಯೊಡನೆ ಜಗಳವಾಡುವ ಆ ಬಂಡವಾಳ ನನ್ನ ಪದವಿ ವಿದ್ಯಾರ್ಥಿಯಲ್ಲಿಲ್ಲ.

ಇದು ಧಾರಾವಾಹಿಯ ಅಪರಾಧವಲ್ಲ, ನಮ್ಮದು. ಗಮಕವನ್ನು ಸಮಾರಂಭಗಳ ಅಲಂಕಾರವಾಗಿಸಿದವರು ನಾವು. ಪಂಪನನ್ನು ಎರಡು ಅಂಕಗಳ ಪ್ರಶ್ನೆಗೆ ಇಳಿಸಿದವರು ನನ್ನಂಥ ಮೇಷ್ಟರು. 941ರ ಸುಮಾರಿನಲ್ಲಿಯೇ ಪಂಪ ಕತೆಯನ್ನು ತಿರುಗಿಸಿಕೊಂಡು ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕಕ್ಕೆ ಸುಭದ್ರೆಯನ್ನು ಕೂರಿಸಿದ. ರನ್ನ ದುರ್ಯೋಧನನಿಗಾಗಿಯೂ ನಮ್ಮ ಮನಸ್ಸನ್ನು ಕರಗಿಸಿದ. ಭಾರತವನ್ನು ತನ್ನಂತೆ ಹೇಳಿಕೊಳ್ಳುವುದು ಕನ್ನಡದ ಸಾವಿರ ವರ್ಷದ ಹಕ್ಕು. ಅದನ್ನು ಬಿಟ್ಟುಕೊಟ್ಟವರು ಬರಿಯ ಪ್ರೇಕ್ಷಕರಾಗಿ ಉಳಿಯುತ್ತಾರೆ.

ಆ ಹುಡುಗನಿಗೆ ಅಂದೇ ನನ್ನ ‘ಗದಾಯುದ್ಧ’ದ ಪ್ರತಿಯನ್ನು ಕೊಟ್ಟೆ. ಅವನು ಇನ್ನೂ ಹಿಂತಿರುಗಿಸಿಲ್ಲ. ನಾನೂ ಕೇಳಿಲ್ಲ.