ಲದ್ದಿ ಬಾಚಿದವರ ಹೆಸರೆಲ್ಲಿ?

ಕಲ್ಕತ್ತೆಯ ಟಾಲಿಗಂಜ್ ಕ್ಲಬ್ಬಿನ ಬಂಗಲೆಯನ್ನು ಹೊಗಳುವವರು ಅದರ ವಯಸ್ಸು ಹೇಳಿ ಬಾಯಿ ಚಪ್ಪರಿಸುತ್ತಾರೆ. 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ರಿಚರ್ಡ್ ಜಾನ್ಸನ್ ಕಟ್ಟಿಸಿದ್ದಂತೆ. ಆಮೇಲೆ ಮೈಸೂರಿನ ಟಿಪ್ಪುವಿನ ಮಗ ಗುಲಾಮ್ ಮೊಹಮ್ಮದನ ಮನೆಯಾಯಿತಂತೆ. 1895ರಲ್ಲಿ ಬಿಳಿಯರು ಅದನ್ನೇ ಕುದುರೆ ಸವಾರರ ಕ್ಲಬ್ಬು ಮಾಡಿಕೊಂಡರಂತೆ. ಸುತ್ತ ಸುಮಾರು 100 ಎಕರೆ ಹಸಿರು. ಇದಕ್ಕೆ ಪರಂಪರೆ ಅಂತ ಹೆಸರು.

ಆಗಲಿ ಸ್ವಾಮಿ. ಯಾರ ಪರಂಪರೆ?

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಆ ಸಂಸಾರವನ್ನು ಕಲ್ಕತ್ತೆಗೆ ಸಾಗಹಾಕಿದರು. ಗಡಿಪಾರಾದವನ ಮನೆ, ಗಡಿಪಾರು ಮಾಡಿದವರ ಮೋಜಿನ ಮನೆಯಾಯಿತು. ಆ ವಂಶದ ಕೆಲವರು ಅದೇ ಊರಿನಲ್ಲಿ ರಿಕ್ಷಾ ಎಳೆದು ಹೊಟ್ಟೆ ಹೊರೆದದ್ದು ಪತ್ರಿಕೆಗಳಲ್ಲಿ ಬಂದಿದೆ. ಅರಸನ ಕುಡಿಗಳಿಗಾದರೂ ಪತ್ರಿಕೆಯವರು ಕಣ್ಣೀರು ಹಾಕಿದರು. ಅಲ್ಲಿ ಕುದುರೆ ಮೈ ತಿಕ್ಕಿದವನ ಕುಡಿಗಳನ್ನು ಹುಡುಕಿಕೊಂಡು ಹೋದವರುಂಟೆ?

ಬ್ರಿಟಿಷರ ಕಾಲದಲ್ಲಿ ಒಂದೊಂದು ಕುದುರೆಗೂ ಒಬ್ಬ ಸೈಸ, ಜೊತೆಗೆ ಹುಲ್ಲು ಕೊಯ್ದು ತರೋ ಆಳು ಬೇರೆ. ಇದು ಆಗಿನ ವಾಡಿಕೆ. ಬೆಳಗಾಗೋ ಮುಂಚೆ ಎದ್ದು ಲದ್ದಿ ಬಾಚೋನು ಸೈಸ, ಮೈ ತಿಕ್ಕೋನು ಸೈಸ, ಜೀನು ಬಿಗಿದು ದೊರೆ ಹತ್ತೋವರೆಗೂ ಲಗಾಮು ಹಿಡಿದು ನಿಲ್ಲೋನೂ ಅವನೇ. ದೊರೆ ಹತ್ತಿದ. ಇವನು ಹಿಂದೆ ಓಡಿದ. ದೊರೆಯ ಹೆಸರು ಚರಿತ್ರೆಗೆ ಹೋಯಿತು. ಇವನದು ಲದ್ದಿಯ ಜೊತೆ ತಿಪ್ಪೆಗೆ ಹೋಯಿತು.

ಅದಕ್ಕೇ ಹೇಳೋದು ಗೆಳೆಯರೆ, ಮನೆ ಕ್ಲಬ್ಬಾಗಲಿ, ಕ್ಲಬ್ಬು ಯಾವನೋ ಸಾಹುಕಾರನ ಮನೆಯಾಗಲಿ, ಒಬ್ಬ ಸವಾರನ ಕೈಯಿಂದ ಇನ್ನೊಬ್ಬ ಸವಾರನ ಕೈಗೆ ಲಗಾಮು ಬದಲಾಯಿತು, ಅಷ್ಟೆ. ಲಾಯದಲ್ಲಿ ಬೆವರು ಸುರಿಸಿದವರಿಗೆ ಆ ನೆಲದಲ್ಲಿ ಗೇಣುದ್ದದ ಪಾಲೂ ಬರಲಿಲ್ಲ.

ಇದೆಲ್ಲ ಹಳೇ ಕತೆ ಅನ್ನಬೇಡಿ. 2018ರ ಮಾರ್ಚಿಯಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಹಳ್ಳಿಯಲ್ಲಿ 21 ವರ್ಷದ ದಲಿತ ಹುಡುಗನನ್ನು ಕೊಂದರು. ಕುದುರೆ ಸಾಕಿ ಸವಾರಿ ಮಾಡಿದ್ದೇ ಅವನ ತಪ್ಪಾಯಿತು ಎಂದು ಮನೆಯವರು ಗೋಳಾಡಿದರು. ಲದ್ದಿ ಬಾಚೋ ಕೈ ಯಾರ ಕಣ್ಣಿಗೂ ಚುಚ್ಚೋದಿಲ್ಲ. ಅದೇ ಕೈ ಲಗಾಮು ಹಿಡಿದು ಜೀನಿನ ಮೇಲೆ ಕೂತರೆ ಊರಿಗೆ ಊರೇ ಉರಿದು ಬೀಳುತ್ತದೆ!

ಮೇಷ್ಟ್ರೇ, ಮಕ್ಕಳನ್ನು ಅರಮನೆ, ಬಂಗಲೆ ತೋರಿಸಲು ಕರೆದುಕೊಂಡು ಹೋದಾಗ ಮುಂಬಾಗಿಲಲ್ಲೇ ನಿಲ್ಲಬೇಡಿ. ಹಿತ್ತಲಿಗೆ ನಡೀರಿ. ಲಾಯ ಎಲ್ಲಿತ್ತು, ಆಳುಗಳು ಎಲ್ಲಿ ಮಲಗ್ತಿದ್ರು, ಕೂಲಿ ಎಷ್ಟು ಕೊಡ್ತಿದ್ರಿ, ಅವರನ್ನ ಯಾವಾಗ ಒಕ್ಕಲೆಬ್ಬಿಸಿದ್ರಿ ಅಂತ ಮಕ್ಕಳ ಬಾಯಿಂದಲೇ ಕೇಳಿಸಿ. ಈ ಪ್ರಶ್ನೆಗೆ ಬಾಯಿ ಬಿಡದ ಬಂಗಲೆ ಎಷ್ಟೇ ಹಳೇದಾಗಿರಲಿ, ಅದು ದಕ್ಕಿಸಿಕೊಂಡ ಮಾಲು.