ವಿನಿಮಯದ ದಿನ, ತೀರ್ಪಿನ ದಿನ

2016ನೆಯ ಇಸವಿಯ ಜೂನ್ 29ರಂದು ಮಧ್ಯಾಹ್ನ, ಉತ್ತರ ಅಮೆರಿಕದ ಐಸ್ ಹಾಕಿಯ ಪ್ರಪಂಚದಲ್ಲಿ, ಅರ್ಧ ಗಂಟೆಯೊಳಗಾಗಿ ಮೂರು ವಾರ್ತೆಗಳು ಒಂದರ ಬೆನ್ನಿಗೊಂದು ಹೊರಬಿದ್ದವು. ಎಡ್ಮಂಟನ್ ಆಯಿಲರ್ಸ್ ತಂಡವು ತನ್ನ ಎಡ ವಿಂಗರ್ ಟೇಲರ್ ಹಾಲನನ್ನು ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ ಕೊಟ್ಟು, ಅವನ ಬದಲಿಗೆ ಆಡಮ್ ಲಾರ್ಸನ್ ಎಂಬ ರಕ್ಷಣೆಯ ಆಟಗಾರನೊಬ್ಬನನ್ನು ಮಾತ್ರ ಪಡೆಯಿತೆಂಬುದು ಮೊದಲನೆಯದು. ಮಾಂಟ್ರಿಯಲ್ ತಂಡವು ಪಿ. ಕೆ. ಸೂಬಾನನನ್ನು ನ್ಯಾಷ್‌ವಿಲ್ಲಿಗೆ ಕಳುಹಿಸಿ ಷೇ ವೆಬರನನ್ನು ತಂದುಕೊಂಡಿತೆಂಬುದು ಎರಡನೆಯದು. ಟ್ಯಾಂಪಾ ಬೇ ತಂಡದ ನಾಯಕ ಸ್ಟೀವನ್ ಸ್ಟ್ಯಾಮ್ಕೋಸ್ ಬೇರೆಲ್ಲಿಗೂ ಹೋಗದೆ ಅಲ್ಲಿಯೇ ಉಳಿಯಲು ಒಪ್ಪಿದನೆಂಬುದು ಮೂರನೆಯದು. ಮೂರರಲ್ಲಿ ಕೊನೆಯದನ್ನು ಕುರಿತ ಮಾತು ಬೇಗ ತಣ್ಣಗಾಯಿತು. ಮೊದಲೆರಡನ್ನು ಕುರಿತ ವಾದ ವರ್ಷಗಟ್ಟಲೆ ನಡೆಯಿತು. ಒಬ್ಬ ಜನರಲ್ ಮ್ಯಾನೇಜರನ ಕಾರ್ಯವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಲೇ ಬಂದಿದೆ.

ಹಾಕಿಯೆಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ನಮ್ಮವರಿಗೆ, ಹಿಮದ ನೆಲದ ಮೇಲೆ ನಡೆಯುವ ಆ ಇನ್ನೊಂದು ಹಾಕಿಯ ಆಟಕ್ಕಿಂತ ಅದರ ಆಡಳಿತದ ಕ್ರಮವೇ ಹೆಚ್ಚು ಅಪರಿಚಿತವಾಗಿ ತೋರಬಹುದು. ನ್ಯಾಷನಲ್ ಹಾಕಿ ಲೀಗಿನ ತಂಡಗಳಲ್ಲಿ ಹಣ ಹೂಡುವವನು ಒಡೆಯ, ಆಡಿಸುವವನು ಕೋಚ್; ಯಾರನ್ನು ಕೊಟ್ಟು ಯಾರನ್ನು ತರಬೇಕು, ಯಾರಿಗೆ ಎಷ್ಟು ವರ್ಷದ ಕರಾರು, ಎಷ್ಟು ಸಂಬಳ ಎಂಬುದನ್ನು ನಿಶ್ಚಯಿಸುವವನು ಜನರಲ್ ಮ್ಯಾನೇಜರ್. 2004-05ರ ಋತುವನ್ನು ಇಡಿಯಾಗಿ ನುಂಗಿಹಾಕಿದ ಲಾಕೌಟಿನ ತರುವಾಯ, ಒಂದು ತಂಡವು ತನ್ನ ಆಟಗಾರರೆಲ್ಲರಿಗೂ ಸೇರಿ ಕೊಡಬಹುದಾದ ಸಂಬಳಕ್ಕೆ ಮಿತಿಯೊಂದು ಬಂದಿತು. ಮೊದಲ ವರ್ಷ 3 ಕೋಟಿ 90 ಲಕ್ಷ ಡಾಲರುಗಳಾಗಿದ್ದ ಆ ಮಿತಿ 2016-17ರ ಹೊತ್ತಿಗೆ 7 ಕೋಟಿ 30 ಲಕ್ಷಕ್ಕೆ ಏರಿತ್ತು. ಈ ಮಿತಿಯಿಂದಾಗಿ ಮ್ಯಾನೇಜರನ ಕೆಲಸದ ಸ್ವರೂಪವೇ ಬದಲಾಯಿತು. ಒಬ್ಬನಿಗೆ ಕೊಟ್ಟ ಒಂದೊಂದು ಡಾಲರೂ ಮತ್ತೊಬ್ಬನಿಗೆ ಕೊಡಲಾಗದ ಡಾಲರಾದುದರಿಂದ, ಆಟಗಾರನ ಯೋಗ್ಯತೆಯೆಷ್ಟು ಎಂಬ ಪ್ರಶ್ನೆಯೊಡನೆ, ಆ ಯೋಗ್ಯತೆಯನ್ನು ಯಾವ ಕ್ರಯಕ್ಕೆ, ಎಷ್ಟು ಕಾಲಕ್ಕೆ ಕೊಂಡೆವು ಎಂಬ ಪ್ರಶ್ನೆಯೂ ಬೆಸೆದುಕೊಂಡಿತು.

ಫಲವನ್ನು ನೋಡಿ ತೀರ್ಪು ಕೊಡುವುದು ಎಲ್ಲರಿಗೂ ಸುಲಭ. ಆದರೆ ಫಲವೆಂಬುದು ಯಾವ ದಿನದ ಫಲ? ಸೂಬಾನ್ ಹೋದ ಮರುವರ್ಷವೇ, ಎಂದರೆ 2017ರಲ್ಲಿ, ನ್ಯಾಷ್‌ವಿಲ್ ತಂಡವು ಲೀಗಿನ ವಿಜೇತರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯನ್ನು ತಲಪಿದಾಗ, ಮಾಂಟ್ರಿಯಲ್ಲಿನ ಜನರಲ್ ಮ್ಯಾನೇಜರ್ ಮಾರ್ಕ್ ಬರ್ಜೆವಿನ್ ಅವರು ಮೋಸಹೋದರೆಂದು ಜನ ನಿಶ್ಚಯಿಸಿದರು. 2021ರಲ್ಲಿ ಅದೇ ವೆಬರನ ನಾಯಕತ್ವದಲ್ಲಿ ಮಾಂಟ್ರಿಯಲ್ ಅಂತಿಮ ಸರಣಿಯನ್ನು ತಲಪಿದಾಗ, ಸೂಬಾನ್ ಅದಾಗಲೇ ನ್ಯಾಷ್‌ವಿಲ್ಲನ್ನೂ ಬಿಟ್ಟಿದ್ದನು; ಹಿಂದಣ ನಿಶ್ಚಯ ತಲೆಕೆಳಗಾಯಿತು. ಆ ಸರಣಿಯಾದ ಮೇಲೆ ವೆಬರ್ ಗಾಯಗಳ ದೆಸೆಯಿಂದ ಒಂದು ಪಂದ್ಯವನ್ನೂ ಆಡಲಿಲ್ಲವಾಗಿ ಮತ್ತೆ ಸಂಶಯ ಹುಟ್ಟಿತು. ಹೀಗೆ ಐದು ವರ್ಷಗಳಲ್ಲಿ ಮೂರು ಸಲ ಮಗ್ಗುಲು ಬದಲಿಸಿದ ತೀರ್ಪನ್ನು ನಂಬಿ ಒಬ್ಬ ಮನುಷ್ಯನ ವಿವೇಕವನ್ನು ಅಳೆಯುವುದು ನ್ಯಾಯವೆಂದು ನನಗೆ ತೋರದು. ಮ್ಯಾನೇಜರನಾದವನು ಸಹಿ ಹಾಕಿದ ದಿನ ಅವನಿಗೆ ತಿಳಿದಿದ್ದುದೇನು, ತಿಳಿಯಬಹುದಾಗಿದ್ದುದೇನು, ಅವನ ಮುಂದಿದ್ದ ಬೇರೆ ದಾರಿಗಳೇನು ಎಂಬುದನ್ನು ಮೊದಲು ವಿಚಾರಿಸಿ, ಫಲವನ್ನು ಆಮೇಲೆ ನೋಡತಕ್ಕದ್ದು.

ಹಾಲನನ್ನು ಕೊಟ್ಟ ಪೀಟರ್ ಶಿಯರೆಲಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದ ನಾಯಕರಾಗಿದ್ದವರು, ವಕೀಲಿ ಓದಿದವರು, ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ 2011ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ತಂದುಕೊಟ್ಟವರು. ಅವರ ಬಾಸ್ಟನ್ನಿನ ಕೀರ್ತಿಗೆ ಆಧಾರವಾದ ವ್ಯವಹಾರಗಳಲ್ಲೊಂದು 2009ರ ಸೆಪ್ಟೆಂಬರಿನದು. ಹಿಂದಿನ ಋತುವಿನಲ್ಲಿ 36 ಗೋಲು ಹೊಡೆದಿದ್ದ ಫಿಲ್ ಕೆಸೆಲನನ್ನು ಅವರು ಟೊರಾಂಟೊ ತಂಡಕ್ಕೆ ಕೊಟ್ಟು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ, ಕೆಳಗಿನ ಸ್ಥಾನದ ತಂಡಕ್ಕೆ ಮುಂಚಿನ ಸರದಿ ಸಿಗುವ ಡ್ರಾಫ್ಟಿನಲ್ಲಿ ಆ ತಂಡಕ್ಕಿದ್ದ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳನ್ನೂ ಎರಡನೆಯ ಸುತ್ತಿನದೊಂದನ್ನೂ ಪಡೆದರು. ಟೊರಾಂಟೊ ಆ ವರ್ಷ ಮೂವತ್ತು ತಂಡಗಳಲ್ಲಿ ಇಪ್ಪತ್ತೊಂಬತ್ತನೆಯದಾಗಿ ಮುಗಿಸಿದುದರಿಂದ, ಬಾಸ್ಟನ್ನಿಗೆ 2010ರ ಡ್ರಾಫ್ಟಿನಲ್ಲಿ ಎರಡನೆಯ ಆಯ್ಕೆ ದೊರಕಿ, ಟೈಲರ್ ಸೇಗಿನ್ ಬಂದನು. ಮರುವರ್ಷ ಡೌಗಿ ಹ್ಯಾಮಿಲ್ಟನ್ ಬಂದನು. ಟೊರಾಂಟೊ ಅಷ್ಟು ಕೆಳಗಿಳಿದೀತೆಂದು ಯಾರೂ ಪ್ರಮಾಣಮಾಡಿ ಹೇಳುವಂತಿರಲಿಲ್ಲವೆಂಬುದು ನಿಜ. ಆದರೆ ಅದಕ್ಕೂ ಹಿಂದಿನ ನಾಲ್ಕು ಋತುಗಳಲ್ಲಿ ಆ ತಂಡ, ಋತುವಿನ ಕೊನೆಗೆ ಕಪ್ಪಿಗಾಗಿ ನಡೆಯುವ ಪ್ಲೇ ಆಫ್ ಸುತ್ತಿಗೇ ಬಂದಿರಲಿಲ್ಲವೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ. ದುರ್ಬಲನ ಭವಿಷ್ಯವನ್ನು ಕೊಂಡುಕೊಂಡವನಿಗೆ ಅದೃಷ್ಟ ಒದಗುವ ಸಂಭವ ಹೆಚ್ಚು. ಅಲ್ಲಿ ವಿವೇಕ ಮುಂದೆ ಹೋಯಿತು, ದೈವ ಹಿಂಬಾಲಿಸಿತು.

ಇದೇ ವಿವೇಕದ ಮೂಲಪುರುಷರೆಂದು ಮಾಂಟ್ರಿಯಲ್ಲಿನ ಸ್ಯಾಮ್ ಪೊಲಾಕ್ ಅವರನ್ನು ಹೇಳುವುದುಂಟು. 1964ರಿಂದ 1978ರ ವರೆಗೆ ಅಲ್ಲಿನ ಜನರಲ್ ಮ್ಯಾನೇಜರನ ಪದವಿಯಲ್ಲಿದ್ದು ಒಂಬತ್ತು ಸ್ಟ್ಯಾನ್ಲಿ ಕಪ್ಪುಗಳನ್ನು ಕಂಡ ಅವರು, 1970ರ ಮೇ ತಿಂಗಳಲ್ಲಿ, ಹೊಸದಾಗಿ ಲೀಗಿಗೆ ಸೇರಿ ತಡವರಿಸುತ್ತಿದ್ದ ಕ್ಯಾಲಿಫೋರ್ನಿಯಾ ತಂಡದಿಂದ ಅದರ ಮರುವರ್ಷದ ಮೊದಲ ಆಯ್ಕೆಯನ್ನು ಪಡೆದಿಟ್ಟುಕೊಂಡರು. ಆ ತಂಡ ಕೊನೆಯ ಸ್ಥಾನಕ್ಕಿಳಿಯಿತು. ಆ ಆಯ್ಕೆಯಿಂದ ಗೀ ಲಾಫ್ಲ್ಯೂರ್ ಮಾಂಟ್ರಿಯಲ್ಲಿಗೆ ಬಂದನು. ನಡುವೆ ಲಾಸ್ ಏಂಜಲೀಸ್ ತಂಡವೆಲ್ಲಿ ಇನ್ನೂ ಕೆಳಗೆ ಹೋಗಿ ತಮ್ಮ ಲೆಕ್ಕವನ್ನು ಕೆಡಿಸೀತೋ ಎಂದು ರಾಲ್ಫ್ ಬ್ಯಾಕ್‌ಸ್ಟ್ರಮನನ್ನು ಅಲ್ಲಿಗೆ ಕಳುಹಿಸಿ ಅದನ್ನು ಮೇಲೆತ್ತಿದರೆಂಬ ಕಥೆಯನ್ನು ಹಾಕಿಯ ಹಿರಿಯರು ಮೊಮ್ಮಕ್ಕಳಿಗೆ ಹೇಳುವಷ್ಟು ಪ್ರೀತಿಯಿಂದ ಹೇಳುತ್ತಾರೆ. ಬ್ಯಾಕ್‌ಸ್ಟ್ರಮ್ ತಾನಾಗಿಯೇ ಬೇರೆ ತಂಡಕ್ಕೆ ಕಳುಹಿಸಬೇಕೆಂದು ಕೇಳಿಕೊಂಡಿದ್ದನೆಂಬ ಭಾಗ ಆ ಕಥೆಯಲ್ಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಗೆದ್ದವನ ಪ್ರತಿಯೊಂದು ನಡೆಯೂ ದೂರದೃಷ್ಟಿಯಾಗಿ, ಸೋತವನ ಪ್ರತಿಯೊಂದು ನಡೆಯೂ ಮೌಢ್ಯವಾಗಿ ಕಾಣುವುದು ನಮ್ಮ ಸ್ಮರಣೆಯ ದೋಷ.

ಇನ್ನು ಶಿಯರೆಲಿ ಅವರ ಇನ್ನೊಂದು ಮುಖಕ್ಕೆ ಬರೋಣ. 2010ರ ಡ್ರಾಫ್ಟಿನ ಮುಂಚೆ ಕೆನಡಾ ದೇಶವೆಲ್ಲ ಟೇಲರನೋ ಟೈಲರನೋ ಎಂದು ವಾದಿಸಿತ್ತು. ಮೊದಲ ಆಯ್ಕೆಯಾಗಿ ಟೇಲರ್ ಹಾಲ್ ಎಡ್ಮಂಟನ್ನಿಗೂ, ಎರಡನೆಯ ಆಯ್ಕೆಯಾಗಿ ಟೈಲರ್ ಸೇಗಿನ್ ಬಾಸ್ಟನ್ನಿಗೂ ಹೋದರು. ಆರು ವರ್ಷಗಳೊಳಗೆ ಆ ಇಬ್ಬರನ್ನೂ ಮಾರಿದವರು ಒಬ್ಬರೇ ಮ್ಯಾನೇಜರ್. ಸೇಗಿನನನ್ನು ಅವರು 2013ರ ಜುಲೈಯಲ್ಲಿ, ಆತನಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಡಲ್ಲಾಸ್ ತಂಡಕ್ಕೆ ಕಳುಹಿಸಿದರು. ಆ ವರ್ಷ ಸಂಬಳದ ಮಿತಿ 6 ಕೋಟಿ 43 ಲಕ್ಷಕ್ಕೆ ಇಳಿದು ಕೈ ಬಿಗಿಯಾಗಿತ್ತೆಂಬುದನ್ನು ಅವರ ಪರವಾಗಿ ಹೇಳಬೇಕು. ಆದರೆ ಡಲ್ಲಾಸಿನಲ್ಲಿ ಮೊದಲ ಋತುವಿನಲ್ಲಿಯೇ, ಗೋಲುಗಳನ್ನೂ ಅವುಗಳಿಗೆ ಒದಗಿಸಿದ ಪಾಸುಗಳನ್ನೂ ಸೇರಿಸಿ ಎಣಿಸುವ ಅಂಕಗಳಲ್ಲಿ, ಸೇಗಿನ್ 84ನ್ನು ಗಳಿಸಿದನು. ಇನ್ನೂ ಪಕ್ವವಾಗದ ಪ್ರತಿಭೆಯನ್ನು ಬೇಸರದಿಂದ ಬಿಟ್ಟುಕೊಡುವ ಒಂದು ಒಲವು ಅಲ್ಲಿಯೇ ತಲೆಯೆತ್ತಿತ್ತು.

2015ರಲ್ಲಿ ಎಡ್ಮಂಟನ್ನಿಗೆ ಬಂದ ಕೂಡಲೇ ಕಾನರ್ ಮೆಕ್‌ಡೇವಿಡನಂಥ ಆಟಗಾರ ಶಿಯರೆಲಿ ಅವರಿಗೆ ದೊರಕಿದ್ದನು. ಆತನನ್ನು ಆರಿಸಿದ ಅದೇ ದಿನ, ಹದಿನಾರನೆಯ ಮತ್ತು ಮೂವತ್ತಮೂರನೆಯ ಆಯ್ಕೆಗಳೆರಡನ್ನೂ ಐಲ್ಯಾಂಡರ್ಸ್ ತಂಡಕ್ಕೆ ಕೊಟ್ಟು ಗ್ರಿಫಿನ್ ರೈನ್‌ಹಾರ್ಟನನ್ನು ತಂದರು. ಆತ ಎಡ್ಮಂಟನ್ನಿಗಾಗಿ ಆಡಿದ್ದು ಇಪ್ಪತ್ತೊಂಬತ್ತು ಪಂದ್ಯ. ಹದಿನಾರನೆಯ ಆಯ್ಕೆಯಿಂದ ಐಲ್ಯಾಂಡರ್ಸ್ ಪಡೆದ ಮ್ಯಾಥ್ಯೂ ಬಾರ್ಜಲ್ 2017-18ರಲ್ಲಿ 85 ಅಂಕ ಗಳಿಸಿ ಆ ವರ್ಷದ ಅತ್ಯುತ್ತಮ ಹೊಸ ಆಟಗಾರನೆನಿಸಿದನು. ಬಾರ್ಜಲ್ ಹೀಗೆ ಬೆಳೆದಾನೆಂದು ಅವರಿಗೆ ತಿಳಿಯಬೇಕಾಗಿತ್ತೆಂದು ನಾನು ಹೇಳಲಾರೆ. ಲೀಗಿನಲ್ಲಿ ಬರಿಯ ಎಂಟು ಪಂದ್ಯ ಆಡಿದ್ದವನಿಗಾಗಿ ಎರಡು ಬೆಲೆಬಾಳುವ ಆಯ್ಕೆಗಳನ್ನು ತೆತ್ತುದು ಅಂದಿಗೇ ಅಧಿಕ ಕ್ರಯವಾಗಿತ್ತೆಂದು ಮಾತ್ರ ಹೇಳುತ್ತೇನೆ.

ಹಾಲನ ವಿಷಯ ಇದಕ್ಕಿಂತ ಗಹನವಾದುದು. ಹತ್ತು ಋತುಗಳಿಂದ ಪ್ಲೇ ಆಫ್ ಕಾಣದಿದ್ದ ಎಡ್ಮಂಟನ್ ತಂಡಕ್ಕೆ ಬಲಗೈಯ ರಕ್ಷಣೆಯ ಆಟಗಾರನ ಅಗತ್ಯವಿತ್ತು; ಅಗತ್ಯವಿದೆಯೆಂಬುದು ಲೀಗಿನ ಪ್ರತಿಯೊಬ್ಬ ಮ್ಯಾನೇಜರನಿಗೂ ತಿಳಿದಿತ್ತು. ಸಂತೆಯಲ್ಲಿ ಗರಜು ತೋರಿಸಿಕೊಂಡವನಿಗೆ ಯಾವ ಮಾಲೂ ಅಗ್ಗವಾಗಿ ಸಿಕ್ಕದು. ಲಾರ್ಸನ್ ಸಾಧಾರಣ ಆಟಗಾರನಲ್ಲ: 2016-17ರಲ್ಲಿ ಎಡ್ಮಂಟನ್ ತಂಡಗಳ ಪಟ್ಟಿಯಲ್ಲಿ 103 ಅಂಕಗಳೊಡನೆ ಪ್ಲೇ ಆಫಿಗೆ ಬಂದು, ಸ್ಯಾನ್ ಹೋಸೆಯನ್ನು ಸೋಲಿಸಿ, ಅನಹೈಮಿನೊಡನೆ ಏಳನೆಯ ಪಂದ್ಯದವರೆಗೂ ಸೆಣಸಿದುದರಲ್ಲಿ ಅವನ ಪಾಲು ದೊಡ್ಡದು, ಆ ಸರಣಿಯ ಮೊದಲ ಪಂದ್ಯವನ್ನು ಗೆಲ್ಲಿಸಿಕೊಟ್ಟ ಆಟದಲ್ಲಿ ಎರಡು ಗೋಲುಗಳು ಅವನವೇ. ಅತ್ತ ಹಾಲ್ 2017-18ರಲ್ಲಿ 93 ಅಂಕ ಗಳಿಸಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವನ್ನು ಪಡೆದನಾದರೂ, ನ್ಯೂಜೆರ್ಸಿ ಅವನೊಡನೆ ಪ್ಲೇ ಆಫ್ ಕಂಡದ್ದು ಒಂದೇ ಸಲ. 2019ರ ಡಿಸೆಂಬರಿನಲ್ಲಿ ಅವನನ್ನು ಅರಿಜೋನಾಕ್ಕೆ ಕಳುಹಿಸಿಯೂ ಆಯಿತು. ಬರಿಯ ಫಲವನ್ನೇ ನೋಡುವವನು ಇಲ್ಲಿ ಎರಡು ಪಕ್ಷಗಳೂ ಸಮವೆಂದು ವಾದಿಸಬಹುದು.

ನಾನು ಹಾಗೆ ವಾದಿಸಲಾರೆ. ಏಕೆಂದರೆ ವಿನಿಮಯವಾದ ಎರಡೇ ದಿನಕ್ಕೆ, ಜುಲೈ 1ರಂದು, ಅದೇ ಶಿಯರೆಲಿ ಅವರು ಮಿಲಾನ್ ಲೂಚಿಚನೊಡನೆ ಏಳು ವರ್ಷಗಳಿಗೆ 4 ಕೋಟಿ 20 ಲಕ್ಷ ಡಾಲರುಗಳ ಕರಾರು ಮಾಡಿಕೊಂಡರು. ಹಾಲನ ಕರಾರು ಎಷ್ಟರದು? ಅದೂ ಏಳು ವರ್ಷ, ಅದೂ 4 ಕೋಟಿ 20 ಲಕ್ಷ. ವರ್ಷಕ್ಕೆ ಅದೇ 60 ಲಕ್ಷ. ಹಾಲನಿಗೆ ಇಪ್ಪತ್ತನಾಲ್ಕು ವಯಸ್ಸು, ಕರಾರಿನಲ್ಲಿ ಉಳಿದಿದ್ದುದು ನಾಲ್ಕು ಋತು. ಲೂಚಿಚನಿಗೆ ಇಪ್ಪತ್ತೆಂಟು ವಯಸ್ಸು, ಮುಂದಿದ್ದುದು ಏಳು ಋತು. ಇಬ್ಬರೂ ಎಡ ವಿಂಗರುಗಳೇ. ಎಂದರೆ ಲಾರ್ಸನನಿಗಾಗಿ ಹಾಲನನ್ನು ಕೊಟ್ಟುದರಿಂದ ಸಂಬಳದಲ್ಲಿ ಏನೂ ಉಳಿಯಲಿಲ್ಲ. ಉಳಿಯಬಹುದಾಗಿದ್ದ ಹಣವೆಲ್ಲ, ಕಿರಿಯನಾದ ವೇಗಶಾಲಿಯ ಸ್ಥಾನಕ್ಕೆ ಹಿರಿಯನಾದ ನಿಧಾನಗತಿಯವನನ್ನು ತರುವುದಕ್ಕೇ ವೆಚ್ಚವಾಯಿತು. ಮೈಗೂಡಿದ ಬಲ ಮತ್ತು ಘರ್ಷಣೆಯನ್ನೇ ನೆಚ್ಚಿ ಆಡುವವರ ಕಾಲುಗಳು ಮೂವತ್ತರ ಆಚೆ ಭಾರವಾಗುವುವೆಂಬುದು 2016ರಲ್ಲಿ ಗುಟ್ಟಾಗಿರಲಿಲ್ಲ. ಲೂಚಿಚ್ ಮೊದಲ ವರ್ಷ 50 ಅಂಕ, ಎರಡನೆಯ ವರ್ಷ 34, ಮೂರನೆಯ ವರ್ಷ 20 ಅಂಕ ಗಳಿಸಿದನು; ಅವನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಕಳುಹಿಸುವಂತಿಲ್ಲವೆಂಬ ಷರತ್ತೂ ಕರಾರಿನಲ್ಲಿದ್ದಿತು. ಇಷ್ಟನ್ನೂ ಅಂದಿನ ದಿನವೇ ಲೆಕ್ಕ ಹಾಕಬಹುದಾಗಿತ್ತು. ಲೆಕ್ಕ ಹಾಕಿದವರು ಅಂದೇ ಹೇಳಿಯೂ ಇದ್ದರು. ಆದ್ದರಿಂದ ಈ ಎರಡು ದಿನಗಳ ಜೋಡಿ ವ್ಯವಹಾರವನ್ನು ದೈವದ ಮೇಲೆ ಹೊರಿಸಲು ನನಗೆ ಮನಸ್ಸು ಬಾರದು.

ಯಾವ ಕೀರ್ತಿ ಯಾರದೆಂಬ ಗೊಂದಲವನ್ನೂ ಇಲ್ಲಿ ನೆನೆಯಬೇಕು. ಬಾಸ್ಟನ್ನಿಗೆ ಟೂಕಾ ರಾಸ್ಕನೆಂಬ ಗೋಲಿಯನ್ನು ತಂದ 2006ರ ಜೂನ್ ತಿಂಗಳ ವಿನಿಮಯವನ್ನು ಮಾಡಿದವರು ಹಂಗಾಮಿ ಮ್ಯಾನೇಜರರಾಗಿದ್ದ ಜೆಫ್ ಗಾರ್ಟನ್. ಜನ ಅದನ್ನು ಶಿಯರೆಲಿ ಅವರ ಖಾತೆಗೆ ಬರೆದರು. ಎಡ್ಮಂಟನ್ನಿನಲ್ಲಿ ಅದಕ್ಕೆ ವಿಪರೀತವಾದುದು ನಡೆಯಿತು: 2018ರಲ್ಲಿ ಅವರ ಅಧಿಕಾರದ ಕಾಲದಲ್ಲಿಯೇ ಹತ್ತನೆಯ ಆಯ್ಕೆಯಾಗಿ ಬಂದ ಇವಾನ್ ಬುಷಾರ್ಡ್ 2024ರ ಪ್ಲೇ ಆಫುಗಳಲ್ಲಿ 32 ಅಂಕ ಗಳಿಸಿದಾಗ ಅವರ ಹೆಸರನ್ನು ನೆನೆದವರು ವಿರಳ. ಅವರನ್ನು 2019ರ ಜನವರಿಯಲ್ಲಿಯೇ ಕೆಲಸದಿಂದ ತೆಗೆದಾಗಿತ್ತು.

ಕಡೆಯದಾಗಿ ಒಂದು ಕರಾರನ್ನು ಹೇಳಬೇಕು. 2017ರ ಆಗಸ್ಟಿನಲ್ಲಿ ಅವರು ಲಿಯಾನ್ ಡ್ರೈಸೈಟಲನಿಗೆ ಎಂಟು ವರ್ಷಗಳ ಕರಾರನ್ನು ಕೊಟ್ಟರು. ವರ್ಷಕ್ಕೆ 85 ಲಕ್ಷ ಡಾಲರು. ಒಂದು ಒಳ್ಳೆಯ ಋತುವನ್ನಾಡಿದ ಇಪ್ಪತ್ತೊಂದು ವರ್ಷದ ಹುಡುಗನಿಗೆ ಇದು ಅತಿಯಾಯಿತೆಂದು ಆಗ ಅನೇಕರು ಬರೆದರು. ಆದರೆ ಅಂದು ಅವರ ಕೈಯಲ್ಲಿದ್ದ ಸಾಕ್ಷ್ಯವೇನೆಂದು ನೋಡಿ: 77 ಅಂಕಗಳ ಋತು, ಪ್ಲೇ ಆಫಿನ ಹದಿಮೂರು ಪಂದ್ಯಗಳಲ್ಲಿ 16 ಅಂಕ, ಏರುತ್ತಿರುವ ವಯಸ್ಸು, ಏರಲಿರುವ ಸಂಬಳದ ಮಿತಿ. ಸೇಗಿನ್ ಮತ್ತು ಹಾಲರ ವಿಷಯದಲ್ಲಿ ತೋರದೆಹೋದ ತಾಳ್ಮೆಯನ್ನು ಅವರು ಇಲ್ಲಿ ತೋರಿದರು. ಡ್ರೈಸೈಟಲ್ 2019-20ರಲ್ಲಿ 110 ಅಂಕ ಗಳಿಸಿ ಹಾರ್ಟ್ ಪಾರಿತೋಷಕವನ್ನು ಪಡೆದನು. 2024ರಲ್ಲಿ ಎಡ್ಮಂಟನ್ ಅಂತಿಮ ಸರಣಿಯ ಏಳನೆಯ ಪಂದ್ಯದವರೆಗೆ ಹೋರಾಡಿ ಫ್ಲಾರಿಡಾಕ್ಕೆ ಸೋತಾಗಲೂ ಆತ ಆಡುತ್ತಿದ್ದುದು ಅದೇ 85 ಲಕ್ಷಕ್ಕೆ. ಆ ಸೆಪ್ಟೆಂಬರಿನಲ್ಲಿ ಸಹಿಯಾದ ಅವನ ಹೊಸ ಕರಾರು ವರ್ಷಕ್ಕೆ 1 ಕೋಟಿ 40 ಲಕ್ಷದ್ದು. ಎಡ್ಮಂಟನ್ನಿನ ಅಭಿಮಾನಿಗಳು ಶಿಯರೆಲಿ ಅವರ ತಪ್ಪುಗಳ ಪಟ್ಟಿಯನ್ನು ಬರೆಯುವಾಗ, ಹಾಲನ ಹೆಸರನ್ನು ಮೇಲೆ ಬರೆದ ಅದೇ ಹಾಳೆಯಲ್ಲಿ ಈ ಕರಾರನ್ನೂ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ.