ಸದ್ದಿನ ಚಿಕಿತ್ಸೆ: ಎಪ್ಪತ್ತು ವರ್ಷಗಳ ಲೆಕ್ಕ

ಬಗೆಬಗೆಯ ಸದ್ದು ಕೇಳಿಸಿ ಮಿದುಳನ್ನು ಸರಿಪಡಿಸಬಹುದು ಎಂಬ ಭರವಸೆಗೆ ಈಗ ಎಪ್ಪತ್ತು ವರ್ಷ. ಫ್ರಾನ್ಸಿನ ಇಎನ್‌ಟಿ ವೈದ್ಯ ಆಲ್ಫ್ರೆಡ್ ಟೊಮಾಟಿಸ್ 1950ರ ದಶಕದಲ್ಲಿ ಹಾಕಿಕೊಟ್ಟ ದಾರಿಯಲ್ಲೇ ಅದೇ ದೇಶದ ಇನ್ನೊಬ್ಬ ವೈದ್ಯ ಗೀ ಬೆರಾರ್ ತಮ್ಮ ಪದ್ಧತಿ ಕಟ್ಟಿದರು: ಹೆಡ್‌ಫೋನಿನಲ್ಲಿ ಮಾರ್ಪಡಿಸಿದ ಸಂಗೀತ, ದಿನಕ್ಕೆರಡು ಸಲ ಅರ್ಧರ್ಧ ಗಂಟೆ, ಹತ್ತು ದಿನ. ಆಟಿಸಂ ಇರುವ ಮಕ್ಕಳ ತಂದೆತಾಯಂದಿರು ಇದನ್ನು ನಂಬಿ ದುಡ್ಡು ಸುರಿದರು. ನಡೆದ ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2011ರ ಕಾಕ್ರೇನ್ ವಿಮರ್ಶೆಗೆ, ಆಟಿಸಂಗೆ ಇದರಿಂದ ಗುಣವಿದೆ ಎನ್ನುವಷ್ಟು ಪುರಾವೆ ಸಿಗಲಿಲ್ಲ. ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಕಥೆಯೂ ಹಾಗೆಯೇ. ಅದಕ್ಕೆ ಮೂಲವಾದ 1993ರ ಪ್ರಯೋಗದಲ್ಲಿದ್ದವರು 36 ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅದರ ಹೆಸರಿನಲ್ಲಿ ಹಸುಗೂಸುಗಳಿಗೆಂದು ಸಿ.ಡಿ.ಗಳು ಮಾರಾಟವಾದವು.

ಕಿವಿಗೂ ಮಿದುಳಿಗೂ ಇರುವ ನಂಟು ಮಾತ್ರ ನಿಜ, ಅದಕ್ಕೆ ಕಾಲಮಿತಿಯೂ ಇದೆ. ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಸದ್ದು ತಲುಪದಿದ್ದರೆ ಮಿದುಳಿನ ಶ್ರವಣ ಭಾಗ ಬೇರೆ ಕೆಲಸಕ್ಕೆ ತೊಡಗುತ್ತದೆ, ಆಮೇಲೆ ಮಾತು ಕಲಿಸುವುದು ಬಲು ಕಷ್ಟ. ಆರೋಗ್ಯವಂತ ಕಿವಿ ತಾನೂ ಸಣ್ಣ ಸದ್ದು ಹೊರಡಿಸುತ್ತದೆ ಎಂದು ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದ ಮೇಲೆ, ಮಲಗಿದ ಕೂಸಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವುದು ಸಾಧ್ಯವಾಯಿತು. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ: ಈ ಎಪ್ಪತ್ತು ವರ್ಷಗಳ ದೊಡ್ಡ ಗಳಿಕೆ ಇದೇ ಎಂಬುದು ನಮ್ಮ ಅಭಿಪ್ರಾಯ.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ನಮ್ಮ ಮಣಿಪಾಲದಲ್ಲೂ ಈ ವಿದ್ಯೆ ಕಲಿಸುವ ವಿಭಾಗವಿದೆ. ಹಿಯರಿಂಗ್ ಏಡ್ ಹಾಕಿದ ಮಗುವಿನ ತರಬೇತಿಯನ್ನು ಒಮ್ಮೆ ಕಂಡವರಿಗೆ, ಕೇಳಿಸಿ ಗುಣಪಡಿಸುವುದೆಂದರೆ ಏನೆಂದು ತಿಳಿಯುತ್ತದೆ. ಕಲಿಸುವವರು ಬಾಯಿಗೆ ಕಾಗದ ಅಡ್ಡ ಹಿಡಿದು ‘ಆ’, ‘ಈ’, ‘ಊ’, ‘ಮ್’, ‘ಶ್’, ‘ಸ್’ ಎಂದು ಒಂದೊಂದಾಗಿ ಹೇಳುತ್ತಾರೆ. ಕೇಳಿದಾಗಲೆಲ್ಲ ಮಗು ಬಟ್ಟಲಿಗೆ ಮಣಿ ಹಾಕಬೇಕು. ‘ಸ್’ ಬಂದಾಗ ಮಣಿ ಕೈಯಲ್ಲೇ ಉಳಿದರೆ ಏರು ಸ್ಥಾಯಿಯ ಸದ್ದು ತಲುಪುತ್ತಿಲ್ಲವೆಂದು ಅರ್ಥ, ಯಂತ್ರದ ಹೊಂದಿಕೆ ಬದಲಿಸಬೇಕು. ಕೆನಡಾದ ಡೇನಿಯಲ್ ಲಿಂಗ್ ರೂಪಿಸಿದ ಪರೀಕ್ಷೆ ಇದು. ಖರ್ಚಿಲ್ಲ, ಮನೆಯಲ್ಲಿ ಅಮ್ಮನೇ ದಿನಾ ಬೆಳಿಗ್ಗೆ ಮಾಡಬಹುದು.

ಉಳಿದ ತರಬೇತಿಯೂ ನಡೆಯಬೇಕಾದದ್ದು ಮನೆಯಲ್ಲೇ. ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಕರೆಯುತ್ತಾರೆ, ಶಾಲೆಯಲ್ಲಿ ಕನ್ನಡ. ಶ್ರವಣದೋಷವಿರುವ ಮಕ್ಕಳಿಗೆ ಒಂದೇ ಭಾಷೆ ಸಾಕೆಂಬ ಸಲಹೆ ಬಹುಕಾಲ ನಡೆದುಬಂತು. ಬೇಗ ಚಿಕಿತ್ಸೆ ಸಿಕ್ಕ ಮಕ್ಕಳು ಎರಡು ಭಾಷೆಯನ್ನೂ ಕಲಿಯಬಲ್ಲರೆಂದು ಈಗ ತಿಳಿದಿದೆ. ಅಜ್ಜಿಯ ಬಾಯಿ ಮುಚ್ಚಿಸಬೇಕಾಗಿಲ್ಲ.

 

ಈ ತರಬೇತಿಗೆ ತೊಡಕು ಹುಟ್ಟುವುದು ಸಣ್ಣ ಸಂಗತಿಯಲ್ಲಿ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಕಿವಿಯೊಳಗೆ ಕೂರುವ ಅಚ್ಚು (ಇಯರ್ ಮೋಲ್ಡ್) ಸಡಿಲವಾಗಿ ಯಂತ್ರ ಸಿಳ್ಳೆ ಹಾಕತೊಡಗುತ್ತದೆ. ಕೂಲಿ ಬಿಟ್ಟು ಮಣಿಪಾಲಕ್ಕೆ ಬಸ್ ಹತ್ತಲಾಗದ ಮನೆಯಲ್ಲಿ ಅದು ಕಪಾಟು ಸೇರುತ್ತದೆ. ಕಾರ್ಕಳ, ಕಾಪುವಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ ಆಡಿಯಾಲಜಿಸ್ಟ್ ಕೂತು ಮೋಲ್ಡಿನ ಅಳತೆ ತೆಗೆದುಕೊಳ್ಳಲಿ, ಬ್ಯಾಟರಿ ಅಲ್ಲೇ ಸಿಗಲಿ. ಮುಂದಿನ ಮಾರ್ಚ್ 3ರ ವಿಶ್ವ ಶ್ರವಣ ದಿನದೊಳಗೆ ಜಿಲ್ಲಾಡಳಿತ ಇಷ್ಟನ್ನು ಮಾಡಿ ತೋರಿಸಲಿ.